ವಿದೇಶ ಪ್ರವಾಸದಲ್ಲಿ ಜಠರದ ಉರಿಯೂತ: ದಾವಣಗೆರೆ–ಚಿತ್ರದುರ್ಗದ ಪ್ರಯಾಣಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಚಿತ್ರದುರ್ಗ, ಹೊಸದುರ್ಗದ ಕಡೆಯಿಂದ ಮಕ್ಕಳ ಮನೆಗೆಂದು ಅಮೆರಿಕ, ಇಂಗ್ಲೆಂಡ್, ಜರ್ಮನಿಗೆ ಹೋಗುವವರು, ಹಜ್ ಮತ್ತು ಉಮ್ರಾ ಯಾತ್ರೆಗೆ ಹೊರಡುವವರು, ನಾಲ್ಕೈದು ದಿನಗಳ ದುಬೈ ಅಥವಾ ಸಿಂಗಪುರ ಪ್ರವಾಸಕ್ಕೆ ಗುಂಪು ಕಟ್ಟಿಕೊಂಡು ಹೋಗುವವರು ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಗುಳಿಗೆಗಳನ್ನು ದಿನಕ್ಕಿಷ್ಟೆಂದು ಎಣಿಸಿ ಇಟ್ಟುಕೊಳ್ಳುತ್ತಾರೆ. ಹೊಟ್ಟೆಯ ವಿಷಯವನ್ನು ಮಾತ್ರ ‘ಅಲ್ಲಿ ನೋಡಿಕೊಂಡರಾಯಿತು’ ಎಂದು ಬಿಟ್ಟುಬಿಡುತ್ತಾರೆ. ಇಲ್ಲಾದರೆ ಬೀದಿಯ ತುದಿಯ ಮೆಡಿಕಲ್ ಶಾಪಿಗೆ ಹೋಗಿ ‘ಗ್ಯಾಸ್ಟ್ರಿಕ್ಕಿಗೆ ಒಂದು ಗುಳಿಗೆ ಕೊಡಿ’ ಎಂದರೆ ಕೆಲಸ ಮುಗಿಯುತ್ತದೆ, ಅಲ್ಲಿ ಮುಗಿಯುವುದಿಲ್ಲ. ಆ ವ್ಯತ್ಯಾಸದಿಂದ ಹುಟ್ಟುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಗುಳಿಗೆಯ ಪ್ರಮಾಣವನ್ನು ಮಾತ್ರ ನಿಮ್ಮನ್ನು ನೋಡುತ್ತಿರುವ ವೈದ್ಯರೇ ನಿರ್ಧರಿಸಬೇಕು.

ನಾವು ‘ಗ್ಯಾಸ್ಟ್ರಿಕ್’ ಎನ್ನುವುದೂ ವೈದ್ಯರು ‘ಗ್ಯಾಸ್ಟ್ರೈಟಿಸ್’ ಎನ್ನುವುದೂ ಒಂದೇ ಏನು?

ಒಂದೇ ಅಲ್ಲ. ಗ್ಯಾಸ್ಟ್ರೈಟಿಸ್ ಎಂದರೆ ಜಠರದ ಒಳಪೊರೆ ಕೆಂಪಗಾಗಿ ಬಾತುಕೊಂಡಿರುವ ಸ್ಥಿತಿ, ಅಂದರೆ ಜಠರದ ಉರಿಯೂತ. ಎಂಡೋಸ್ಕೋಪಿ ಮಾಡಿ, ಅಂದರೆ ಬಾಯಿಯ ಮೂಲಕ ಕ್ಯಾಮೆರಾ ಇರುವ ತೆಳು ಕೊಳವೆ ಇಳಿಸಿ ಒಳಗೆ ನೋಡಿದಾಗ, ಅಗತ್ಯವಿದ್ದರೆ ಒಳಪೊರೆಯ ಚೂರು ತೆಗೆದು ಪರೀಕ್ಷಿಸಿದಾಗ ಮಾತ್ರ ಅದು ಖಚಿತವಾಗುತ್ತದೆ. ನಮ್ಮ ಬಾಯಲ್ಲಿ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಪದ ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಅಜೀರ್ಣ, ಹೊಟ್ಟೆಯ ಹುಣ್ಣು, ಕೆಲವೊಮ್ಮೆ ಬೆನ್ನುನೋವು ಮತ್ತು ತಲೆಸುತ್ತನ್ನೂ ಹೊತ್ತು ತಿರುಗುತ್ತದೆ. ಊರಿನ ವೈದ್ಯರಿಗೆ ನಮ್ಮ ಮಾತಿನ ರೂಢಿ ಗೊತ್ತಿರುವುದರಿಂದ ಅವರು ಇನ್ನೆರಡು ಪ್ರಶ್ನೆ ಕೇಳಿ ವಿಷಯ ತಿಳಿದುಕೊಳ್ಳುತ್ತಾರೆ. ಹೊರದೇಶದ ವೈದ್ಯರಿಗೆ ಈ ಪದದಿಂದ ಏನೂ ತಿಳಿಯುವುದಿಲ್ಲ.

ಉರಿಯೂತಕ್ಕೆ ಬಹುಪಾಲು ಎರಡು ಕಾರಣಗಳಿರುತ್ತವೆ. ಒಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ. ಇದನ್ನು ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಗುರುತಿಸಿದರು. ಹೇಳಿದರೆ ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯ ಬೆಳೆಸಿದ ದ್ರವವನ್ನು ತಾವೇ ಕುಡಿದು ಉರಿಯೂತ ಬರಿಸಿಕೊಂಡು ತೋರಿಸಿದರು, 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇನ್ನೊಂದು ಕಾರಣ ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್‌ನಂತಹ ನೋವಿನ ಗುಳಿಗೆಗಳು. ಮದ್ಯವೂ ಒಳಪೊರೆಯನ್ನು ಕೆಡಿಸುತ್ತದೆ. ಮೆಣಸಿನಕಾಯಿ ಬಜ್ಜಿ ಮತ್ತು ಖಾರ ಮಂಡಕ್ಕಿಯ ಮೇಲೆ ನಾವು ಹೊರಿಸುವ ಅಪವಾದ ಪೂರ್ತಿ ನಿಜವಲ್ಲ: ಖಾರವು ಇದ್ದ ಉರಿಯನ್ನು ಹೆಚ್ಚಿಸಬಹುದು, ಆದರೆ ಉರಿಯೂತದ ಮೂಲ ಸಾಮಾನ್ಯವಾಗಿ ಬೇರೆ ಕಡೆ ಇರುತ್ತದೆ.

ಊರಲ್ಲಿ ತಣ್ಣಗಿದ್ದ ಹೊಟ್ಟೆ ಪ್ರವಾಸದಲ್ಲೇ ಏಕೆ ಕೆರಳುತ್ತದೆ?

ದಾವಣಗೆರೆಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ರಸ್ತೆಯಲ್ಲೇ ನಾಲ್ಕೈದು ತಾಸು. ನಡುರಾತ್ರಿಯ ವಿಮಾನಕ್ಕೆ ಸಂಜೆಯೇ ಹೊರಟು, ಗಡಿಬಿಡಿಯಲ್ಲಿ ಊಟ ಬಿಟ್ಟು, ನಿದ್ದೆ ತಡೆಯಲು ಎರಡು ಮೂರು ಕಾಫಿ ಕುಡಿದು, ಕೂತು ಕೂತು ಹಿಡಿದುಕೊಂಡ ಮಂಡಿಗೆ ಖಾಲಿ ಹೊಟ್ಟೆಯಲ್ಲಿ ಒಂದು ನೋವಿನ ಗುಳಿಗೆ ನುಂಗಿದವರಿಗೆ ವಿಮಾನ ಹತ್ತುವ ಮೊದಲೇ ಅರ್ಧ ಕೆಲಸ ಆಗಿರುತ್ತದೆ. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮನಾಗಿರುವುದರಿಂದ ಹೊಟ್ಟೆಯಲ್ಲಿರುವ ಗಾಳಿ ಹಿಗ್ಗುತ್ತದೆ. ಸೋಡಾ ಮತ್ತು ಬಿಯರ್ ಕುಡಿದವರಿಗೆ ಉಬ್ಬರ ಇನ್ನೂ ಹೆಚ್ಚು. ಇಳಿದ ಮೇಲೆ ಹಗಲು ರಾತ್ರಿ ಅದಲುಬದಲಾಗಿ, ದಿನವೂ ಬೆಳಗಿನ ತಿಂಡಿಗೆ ಮೊದಲು ನುಂಗುತ್ತಿದ್ದ ಗುಳಿಗೆ ಯಾವ ಹೊತ್ತಿಗೆ ಎಂಬುದೇ ಮರೆತುಹೋಗುತ್ತದೆ. ತಲುಪಿದ ಊರಿನ ಗಡಿಯಾರದ ಪ್ರಕಾರ ಬೆಳಗಿನ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಎಂದು ಇಟ್ಟುಕೊಂಡರೆ ಸಾಕು.

ಹೊರಡುವ ಮೊದಲು ಇಲ್ಲಿಯೇ ಏನು ಮಾಡಿಕೊಳ್ಳಬೇಕು?

ಹೊರಡುವ ಹಿಂದಿನ ದಿನವಲ್ಲ, ಕನಿಷ್ಠ ಮೂರು ನಾಲ್ಕು ವಾರ ಮುಂಚೆ ವೈದ್ಯರನ್ನು ಕಾಣಿರಿ. ತಿಂಗಳುಗಟ್ಟಲೆ ಹೊಟ್ಟೆ ಉರಿಯುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಅಥವಾ ನುಂಗಲು ಕಷ್ಟವಾಗುತ್ತಿದ್ದರೆ ಎಂಡೋಸ್ಕೋಪಿ ಬೇಕೋ ಬೇಡವೋ ಎಂಬುದನ್ನು ಇಲ್ಲಿಯೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಯಲ್ಲಿ ಒಂದು ಬೆಳಗಿನ ಹೊತ್ತಿನಲ್ಲಿ ಮುಗಿಯುವ ಪರೀಕ್ಷೆಗೆ ಅಮೆರಿಕದಲ್ಲಿ ಎಷ್ಟೋ ಪಟ್ಟು ಹೆಚ್ಚು ಹಣ ತೆರಬೇಕಾಗುತ್ತದೆ.

ನಂತರದ್ದು ಚೀಟಿ. ವೈದ್ಯರ ಹೆಸರು, ನೋಂದಣಿ ಸಂಖ್ಯೆ, ಮೊಹರು ಇರುವ ಕಾಗದದಲ್ಲಿ ಪ್ರತಿ ಗುಳಿಗೆಯ ಕಂಪನಿಯ ಹೆಸರಿನ ಜೊತೆಗೆ ಅದರ ಮೂಲ ಔಷಧದ ಹೆಸರನ್ನೂ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸಿಕೊಳ್ಳಿ. ಜಠರದ ಆಮ್ಲ ತಗ್ಗಿಸಲು ನಮ್ಮಲ್ಲಿ ಕೊಡುವ ‘ಪ್ಯಾನ್-ಡಿ’ ಎಂದರೆ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ‘ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಮತ್ತು ಡೊಂಪೆರಿಡೋನ್’ ಎಂದರೆ ಗೊತ್ತಾಗುತ್ತದೆ. ವಾಕರಿಕೆ ತಡೆಯುವ ಡೊಂಪೆರಿಡೋನ್‌ಗೆ ಅಮೆರಿಕದಲ್ಲಿ ಮಾನ್ಯತೆಯೇ ಇಲ್ಲದಿರುವುದರಿಂದ ಆ ಜೋಡಿ ಗುಳಿಗೆ ಅಲ್ಲಿ ಸಿಗುವುದಿಲ್ಲ ಎಂಬುದೂ ಆಗ ಮೊದಲೇ ತಿಳಿಯುತ್ತದೆ.

ಇಲ್ಲಿ ನಮ್ಮ ಮನೆಯದೇ ಒಂದು ಪ್ರಸಂಗ ಹೇಳಬೇಕು. ನನ್ನ ತಂಗಿಯ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿದ್ದ ನಮ್ಮ ತಾಯಿಯವರಿಗೆ ಎರಡನೆಯ ವಾರ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ಕೈಚೀಲದಲ್ಲಿ ಗುಳಿಗೆ ಇತ್ತು. ಆದರೆ ಅಂಗಡಿಯವರು ಹತ್ತು ಗುಳಿಗೆಯ ಶೀಟಿನಿಂದ ಕತ್ತರಿಯಲ್ಲಿ ನಾಲ್ಕನ್ನು ಕತ್ತರಿಸಿ ಕೊಟ್ಟಿದ್ದರಿಂದ ಹೆಸರಿನ ಮುಂದಿನ ಭಾಗ, ತಯಾರಿಕೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ ಎಲ್ಲವೂ ಉಳಿದ ಆರು ಗುಳಿಗೆಗಳ ಜೊತೆ ಅಂಗಡಿಯಲ್ಲೇ ಉಳಿದಿದ್ದವು. ಚಿಕಿತ್ಸಾಲಯದ ನರ್ಸ್ ಆ ತುಂಡನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಕೊನೆಗೆ ಓದಿದ್ದು ‘ಪ್ರಜೋಲ್’ ಎಂಬ ಬಾಲವನ್ನು ಮಾತ್ರ. ಒಮೆಪ್ರಜೋಲ್, ರಾಬೆಪ್ರಜೋಲ್, ಪ್ಯಾಂಟೊಪ್ರಜೋಲ್, ಎಲ್ಲಕ್ಕೂ ಅದೇ ಬಾಲ. ಅಂದಿನಿಂದ ನಮ್ಮ ಮನೆಯಲ್ಲಿ ಪ್ರವಾಸಕ್ಕೆ ಪೂರ್ತಿ ಶೀಟನ್ನೇ, ಸಾಧ್ಯವಾದರೆ ಪೆಟ್ಟಿಗೆಯ ಸಮೇತ, ಬಿಲ್ಲಿನೊಂದಿಗೆ ಕೊಳ್ಳುತ್ತೇವೆ.

ಹೀಗೆ ಕೊಂಡ ಗುಳಿಗೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಏಕೆಂದರೆ ದೊಡ್ಡ ಪೆಟ್ಟಿಗೆ ಒಂದೆರಡು ದಿನ ತಡವಾಗಿ ಬರುವುದುಂಟು. ಆಮ್ಲಶಾಮಕ ದ್ರವದ ಬಾಟಲಿ ನೂರು ಮಿಲಿಲೀಟರಿಗಿಂತ ದೊಡ್ಡದಾಗಿದ್ದರೆ ತಪಾಸಣೆಯಲ್ಲಿ ವಿವರಣೆ ಕೊಡಬೇಕಾಗುವುದರಿಂದ, ಕೈಚೀಲಕ್ಕೆ ಅಗಿಯುವ ಗುಳಿಗೆಯೇ ಅನುಕೂಲ.

ಹೊಟ್ಟೆಗೆಂದು ಬರೆದುಕೊಟ್ಟ ಗುಳಿಗೆಯಿಂದ ವಿಮಾನ ನಿಲ್ದಾಣದಲ್ಲಿ ತೊಂದರೆಯಾಗುವುದುಂಟೆ?

ಉಂಟು, ಮುಖ್ಯವಾಗಿ ಕೊಲ್ಲಿ ದೇಶಗಳಲ್ಲಿ. ಪ್ಯಾಂಟೊಪ್ರಜೋಲ್, ಫ್ಯಾಮೊಟಿಡಿನ್‌ನಂತಹ ಆಮ್ಲ ತಗ್ಗಿಸುವ ಗುಳಿಗೆಗಳಿಗೆ ತಕರಾರಿಲ್ಲ. ಆದರೆ ನಮ್ಮಲ್ಲಿ ಹೊಟ್ಟೆನುಲಿತ ಮತ್ತು ಆತಂಕ ಎರಡಕ್ಕೂ ಸೇರಿಸಿ ಕೊಡುವ ಕ್ಲೋರ್‌ಡಯಾಜೆಪಾಕ್ಸೈಡ್ ಮತ್ತು ಕ್ಲಿಡಿನಿಯಂ ಜೋಡಿ ಗುಳಿಗೆ ಇದೆ. ಇದರ ಮೊದಲನೆಯ ಔಷಧ ನಿದ್ರಾಜನಕಗಳ ಗುಂಪಿಗೆ ಸೇರಿದ್ದು, ಅಲ್ಲಿ ನಿಯಂತ್ರಿತ ವಸ್ತು. ನಿದ್ದೆಗೆಂದು ತೆಗೆದುಕೊಳ್ಳುವ ಆಲ್ಪ್ರಜೋಲಾಂ, ನೋವಿಗೆ ಕೊಡುವ ಟ್ರಮಡಾಲ್ ಕೂಡ ಹಾಗೆಯೇ. ಇವು ಬೇಕೇಬೇಕೆಂದಾದರೆ ಯುಎಇಗೆ ಹೋಗುವವರು ಅಲ್ಲಿನ ಸರ್ಕಾರದ ಜಾಲತಾಣದಲ್ಲಿ ಮುಂಚಿತವಾಗಿ ಅನುಮತಿ ಪಡೆಯಬೇಕು. ಗುಳಿಗೆಯ ವಿಷಯವಲ್ಲದಿದ್ದರೂ ಒಂದು ಮಾತು: ಪಾಯಸಕ್ಕೆಂದು ಗಸಗಸೆಯನ್ನು ಪೊಟ್ಟಣ ಕಟ್ಟಿ ಒಯ್ಯುವುದು ಯುಎಇ ಮತ್ತು ಸಿಂಗಪುರದಲ್ಲಿ ಅಪರಾಧ. ಗಸಗಸೆ ತಂಪು ಎಂಬ ನಮ್ಮ ನಂಬಿಕೆ ಅಲ್ಲಿನ ಸುಂಕದ ಅಧಿಕಾರಿಗಳಿಗೆ ಅರ್ಥವಾಗುವುದಿಲ್ಲ.

ಅಲ್ಲಿನ ಔಷಧದ ಅಂಗಡಿಯಲ್ಲಿ ಚೀಟಿ ಇಲ್ಲದೆ ಏನೇನು ಸಿಗುತ್ತದೆ?

ನಾವು ಅಂದುಕೊಳ್ಳುವುದಕ್ಕಿಂತ ಹೆಚ್ಚೇ ಸಿಗುತ್ತದೆ. ಅಮೆರಿಕದಲ್ಲಿ ಒಮೆಪ್ರಜೋಲ್ 20 ಮಿಲಿಗ್ರಾಂ 2003ರಿಂದಲೂ ಚೀಟಿಯಿಲ್ಲದೆ ದೊರೆಯುತ್ತಿದೆ. ಎಸೊಮೆಪ್ರಜೋಲ್, ಫ್ಯಾಮೊಟಿಡಿನ್, ಅಗಿಯುವ ಕ್ಯಾಲ್ಸಿಯಂ ಕಾರ್ಬೊನೇಟ್ ಗುಳಿಗೆಗಳೂ ಸಿಗುತ್ತವೆ. ವಿಚಿತ್ರವೆಂದರೆ ನಮ್ಮಲ್ಲಿ ಮನೆಮಾತಾಗಿರುವ ಪ್ಯಾಂಟೊಪ್ರಜೋಲ್‌ಗೆ ಅಲ್ಲಿ ಚೀಟಿ ಬೇಕು. ಬ್ರಿಟನ್ ಮತ್ತು ಜರ್ಮನಿಯಲ್ಲಿ ಪ್ಯಾಂಟೊಪ್ರಜೋಲ್ 20 ಮಿಲಿಗ್ರಾಂ ಫಾರ್ಮಸಿಸ್ಟರನ್ನು ಕೇಳಿ ಪಡೆಯಬಹುದು. ಹೀಗೆ ಕೊಂಡದ್ದನ್ನು ಹದಿನಾಲ್ಕು ದಿನಗಳಿಗಿಂತ ಹೆಚ್ಚು ಸ್ವಂತ ತೀರ್ಮಾನದಿಂದ ಮುಂದುವರಿಸಬಾರದೆಂದು ಅಮೆರಿಕದ ಒಮೆಪ್ರಜೋಲ್ ಪೆಟ್ಟಿಗೆಯ ಮೇಲೆಯೇ ಬರೆದಿರುತ್ತದೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ವರ್ಗದ ಗುಳಿಗೆಗಳು ನುಂಗಿದ ಕೂಡಲೇ ಉರಿ ನಿಲ್ಲಿಸುವುದಿಲ್ಲ. ಪೂರ್ತಿ ಪರಿಣಾಮಕ್ಕೆ ಒಂದರಿಂದ ನಾಲ್ಕು ದಿನ ಬೇಕು. ಆದ್ದರಿಂದ ಮೊದಲ ದಿನವೇ ‘ಇದು ನಮ್ಮ ಮೈಗೆ ಹಿಡಿಸಲಿಲ್ಲ’ ಎಂದು ಬಿಡಬೇಡಿ.

ಆಮ್ಲ ತಗ್ಗಿಸುವ ಹಳೆಯ ಗುಳಿಗೆ ರ‍್ಯಾನಿಟಿಡಿನ್ ಅನ್ನು ಹುಡುಕಬೇಡಿ. ಅದರಲ್ಲಿ ಎನ್‌ಡಿಎಂಎ ಎಂಬ ಕ್ಯಾನ್ಸರ್‌ಕಾರಕ ಆಗಬಹುದಾದ ಅಂಶ ಕಂಡುಬಂದದ್ದರಿಂದ 2020ರಲ್ಲಿ ಅಮೆರಿಕ ಮತ್ತು ಯೂರೋಪಿನ ಮಾರುಕಟ್ಟೆಗಳಿಂದ ಅದನ್ನು ತೆಗೆಸಲಾಯಿತು. ಅದೇ ಗುಂಪಿನ ಫ್ಯಾಮೊಟಿಡಿನ್ ಅನ್ನು ಕೇಳಬಹುದು.

ಇನ್ನೆರಡು ಪೊಟ್ಟಣಗಳ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಅಮೆರಿಕದ ಅಂಗಡಿಯಲ್ಲಿ ಆಲ್ಕಾ ಸೆಲ್ಟ್ಜರ್ ಎಂಬ, ನೀರಿಗೆ ಹಾಕಿದರೆ ಬುಸುಗುಟ್ಟುವ ಬಿಲ್ಲೆ ಇರುತ್ತದೆ. ನೋಡಿದವರು ‘ನಮ್ಮ ಈನೊ ಇದ್ದ ಹಾಗಿದೆ’ ಎಂದು ಕೊಳ್ಳುತ್ತಾರೆ. ಅದರ ಮೂಲ ತಯಾರಿಕೆಯಲ್ಲಿ ಪ್ರತಿ ಬಿಲ್ಲೆಗೆ 325 ಮಿಲಿಗ್ರಾಂ ಆಸ್ಪಿರಿನ್ ಇದೆ. ಹುಣ್ಣಾದ ಜಠರಕ್ಕೆ ಅದನ್ನು ಕುಡಿಸುವುದು ಉರಿಯುವ ಒಲೆಗೆ ಸೀಮೆಎಣ್ಣೆ ಸುರಿದಂತೆ. ಆಸ್ಪಿರಿನ್ ಬೆರೆತ ಆಮ್ಲಶಾಮಕಗಳಿಂದ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಸಿದೆ. ಇನ್ನೊಂದು ಗುಲಾಬಿ ಬಣ್ಣದ ಪೆಪ್ಟೊ ಬಿಸ್ಮಾಲ್. ಇದರಲ್ಲಿರುವುದು ಬಿಸ್ಮತ್ ಸಬ್‌ಸ್ಯಾಲಿಸಿಲೇಟ್. ಕುಡಿದವರ ನಾಲಿಗೆ ಮತ್ತು ಮಲ ಕಪ್ಪಗಾಗುತ್ತವೆ, ಅದಕ್ಕೆ ಗಾಬರಿಯಾಗಬೇಕಿಲ್ಲ, ಆದರೆ ಆಸ್ಪಿರಿನ್ ಅಲರ್ಜಿ ಇರುವವರು ಮತ್ತು ರಕ್ತ ತೆಳುಮಾಡುವ ಗುಳಿಗೆ ತೆಗೆದುಕೊಳ್ಳುವವರು ಅದನ್ನು ಮುಟ್ಟಬಾರದು. ಅಂದಹಾಗೆ ನಮ್ಮ ಈನೊದಲ್ಲೂ ಸೋಡಿಯಂ ಹೇರಳವಾಗಿರುವುದರಿಂದ ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರಿಗೆ ಅದು ದಿನನಿತ್ಯದ ಮದ್ದಲ್ಲ.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಅಲ್ಲಿ ಸಿಗುವ ಒಮೆಪ್ರಜೋಲ್ ತೆಗೆದುಕೊಳ್ಳಬಹುದೆ?

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೊಗ್ರೆಲ್ ತೆಗೆದುಕೊಳ್ಳುತ್ತಿದ್ದರೆ ಕೂಡದು. ಒಮೆಪ್ರಜೋಲ್ ಮತ್ತು ಎಸೊಮೆಪ್ರಜೋಲ್ ಎರಡೂ ಕ್ಲೋಪಿಡೊಗ್ರೆಲ್‌ನ ಶಕ್ತಿಯನ್ನು ಕುಗ್ಗಿಸುತ್ತವೆ. ಇಲ್ಲಿ ನಿಮ್ಮ ವೈದ್ಯರು ಪ್ಯಾಂಟೊಪ್ರಜೋಲ್ ಅನ್ನೇ ಆರಿಸಿ ಬರೆದಿದ್ದರೆ ಅದಕ್ಕೆ ಇದೇ ಕಾರಣವಿರಬಹುದು. ಊರಿಂದ ಒಯ್ದದ್ದು ಮುಗಿಯಿತೆಂದು ಮಗನೋ ಅಳಿಯನೋ ಹತ್ತಿರದ ಅಂಗಡಿಯಿಂದ ತಂದ ಒಮೆಪ್ರಜೋಲ್ ಅನ್ನು ‘ಎರಡೂ ಒಂದೇ’ ಎಂದು ನುಂಗಿದವರನ್ನು ನಾನು ಬಲ್ಲೆ. ಪ್ರವಾಸದ ದಿನಗಳಿಗಿಂತ ಎರಡು ವಾರದ ಗುಳಿಗೆ ಹೆಚ್ಚಾಗಿ ಒಯ್ಯಿರಿ.

ಮಂಡಿನೋವು, ತಲೆನೋವಿಗೆ ಏನು ತೆಗೆದುಕೊಳ್ಳಬೇಕು?

ಪ್ಯಾರಾಸಿಟಮಾಲ್. ಅಮೆರಿಕದಲ್ಲಿ ಅದರ ಹೆಸರು ಅಸಿಟಮಿನೊಫೆನ್, ಹೆಚ್ಚು ಮಾರಾಟವಾಗುವ ಕಂಪನಿಯ ಹೆಸರು ಟೈಲೆನಾಲ್. ಕೊಲ್ಲಿ ದೇಶಗಳು, ಸಿಂಗಪುರ ಮತ್ತು ಆಸ್ಟ್ರೇಲಿಯದಲ್ಲಿ ಪ್ಯಾನಡಾಲ್. ಅಡ್ವಿಲ್ ಎಂದರೆ ಐಬುಪ್ರೊಫೆನ್, ಅಲೀವ್ ಎಂದರೆ ನ್ಯಾಪ್ರೊಕ್ಸೆನ್. ಜಠರದ ಉರಿಯೂತ ಇರುವವರು ಇವೆರಡರಿಂದಲೂ ದೂರವಿರಬೇಕು. ಆದರೆ ಹೃದಯಕ್ಕೆಂದು ವೈದ್ಯರು ಕೊಟ್ಟಿರುವ ಸಣ್ಣ ಪ್ರಮಾಣದ ಆಸ್ಪಿರಿನ್ ಅನ್ನು ಹೊಟ್ಟೆ ಉರಿಯಿತೆಂದು ತಾವಾಗಿಯೇ ನಿಲ್ಲಿಸಬಾರದು, ಕೇಳಿಯೇ ನಿಲ್ಲಿಸಬೇಕು.

ಯಾವ ಲಕ್ಷಣ ಕಂಡರೆ ಗುಳಿಗೆ ಹುಡುಕುತ್ತ ಕೂರದೆ ಆಸ್ಪತ್ರೆಗೆ ಓಡಬೇಕು?

ವಾಂತಿಯಲ್ಲಿ ಕೆಂಪು ರಕ್ತ ಕಂಡರೆ ಅಥವಾ ವಾಂತಿ ಕಾಫಿ ಚರಟದಂತೆ ಕಂದುಗಪ್ಪಾಗಿದ್ದರೆ. ಮಲವು ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಎಂದಿಲ್ಲದ ದುರ್ನಾತದಿಂದ ಹೋದರೆ. ಎದ್ದು ನಿಂತಾಗ ಕಣ್ಣುಕತ್ತಲೆ ಬಂದು ಬೀಳುವಂತಾದರೆ. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿ ಮುಟ್ಟಲಾರದಷ್ಟು ನೋವಿದ್ದರೆ. ಕುಡಿದ ನೀರೂ ನಿಲ್ಲದೆ ವಾಂತಿಯಾಗುತ್ತಿದ್ದರೆ ತಡಮಾಡಬಾರದು. ಕಬ್ಬಿಣಾಂಶದ ಗುಳಿಗೆಯಿಂದಲೂ ಮಲ ಕಪ್ಪಾಗುವುದುಂಟು, ಆದರೆ ಅದು ಅಂಟಾಗಿರುವುದಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಹೃದಯಾಘಾತ. ಹೊಟ್ಟೆಯ ಮೇಲ್ಭಾಗದಲ್ಲಿ ಹಿಂಡಿದಂತಾಗಿ, ಜೊತೆಗೆ ತಣ್ಣನೆಯ ಬೆವರು, ಉಸಿರಾಟದ ಕಷ್ಟ, ದವಡೆ ಅಥವಾ ಎಡಗೈಗೆ ಹರಿಯುವ ನೋವು ಇದ್ದರೆ ಅದನ್ನು ‘ಗ್ಯಾಸ್ಟ್ರಿಕ್’ ಎಂದು ನೀವೇ ತೀರ್ಮಾನಿಸಿ ಮಜ್ಜಿಗೆ ಕುಡಿದು ಮಲಗಬೇಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಮತ್ತು ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ಹೊಟ್ಟೆಯ ಸಂಕಟವಾಗಿ ಹೃದಯಾಘಾತ ಕಾಣಿಸಿಕೊಳ್ಳಬಹುದು. ಮಗಳಿಗೆ ರಜೆ ಹಾಕಿಸಬೇಕಲ್ಲ, ಅಳಿಯನಿಗೆ ಖರ್ಚಾಗುತ್ತದಲ್ಲ ಎಂಬ ಸಂಕೋಚದಿಂದ ಬೆಳಗಿನವರೆಗೆ ಬಾಯಿ ಬಿಡದೆ ಕೂರುವ ಹಿರಿಯರಿಗಾಗಿಯೇ ಇದನ್ನು ಬರೆದಿದ್ದೇನೆ.

ಆಂಬುಲೆನ್ಸ್ ಕರೆಯಲು ಅಮೆರಿಕ ಮತ್ತು ಕೆನಡಾದಲ್ಲಿ 911, ಬ್ರಿಟನ್ನಿನಲ್ಲಿ 999, ಯೂರೋಪ್ ಒಕ್ಕೂಟದ ದೇಶಗಳಲ್ಲಿ 112, ಯುಎಇಯಲ್ಲಿ 998, ಸೌದಿ ಅರೇಬಿಯದಲ್ಲಿ 997, ಸಿಂಗಪುರದಲ್ಲಿ 995, ಥಾಯ್ಲೆಂಡಿನಲ್ಲಿ 1669, ಆಸ್ಟ್ರೇಲಿಯದಲ್ಲಿ 000. ಹೋಗುವ ದೇಶದ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು, ಉಳಿದುಕೊಳ್ಳುವ ಮನೆಯ ವಿಳಾಸದ ಸಮೇತ, ಪಾಸ್‌ಪೋರ್ಟಿನ ಜೊತೆ ಇಡಿ. ಮಕ್ಕಳು ಕೆಲಸಕ್ಕೆ ಹೋದಾಗ ಮನೆಯಲ್ಲಿ ಒಂಟಿಯಾಗಿರುವವರಿಗೆ ವಿಳಾಸ ಬಾಯಿಗೆ ಬರುವುದಿಲ್ಲ.

ತುರ್ತು ಅಲ್ಲದಿದ್ದರೆ ವೈದ್ಯರನ್ನು ಎಲ್ಲಿ ಕಾಣಬೇಕು?

ಇದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ‘ಅರ್ಜೆಂಟ್ ಕೇರ್’ ಎಂಬ ಚಿಕಿತ್ಸಾಲಯಗಳಿವೆ. ಹೊಟ್ಟೆಯುರಿ, ವಾಂತಿಯಂತಹ ತೊಂದರೆಗೆ ಅವು ಸಾಕು, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕಿಂತ ಖರ್ಚು ಬಹಳ ಕಡಿಮೆ. ಹಾಗೆಂದು ರಕ್ತ ಕಾರುತ್ತಿರುವವರನ್ನು ಅಲ್ಲಿಗೆ ಕರೆದೊಯ್ದು ಹೊತ್ತು ಕಳೆಯಬಾರದು. 1986ರ ಒಂದು ಕಾನೂನಿನ ಪ್ರಕಾರ ಅಲ್ಲಿನ ಬಹುಪಾಲು ಆಸ್ಪತ್ರೆಗಳ ತುರ್ತು ವಿಭಾಗಗಳು ಹಣವಿದೆಯೇ ಇಲ್ಲವೇ ಎಂದು ನೋಡದೆ ಪರೀಕ್ಷಿಸಿ ಜೀವಾಪಾಯ ತಪ್ಪಿಸಲೇಬೇಕು. ಬಿಲ್ಲು ಮಾತ್ರ ಆಮೇಲೆ ಮನೆಗೆ ಬರುತ್ತದೆ. ಬಂದಾಗ ಬಾಬತ್ತುವಾರು ಬಿಲ್ ಕೇಳುವುದು, ರಿಯಾಯಿತಿಗೆ ಅರ್ಜಿ ಹಾಕುವುದು ಅಲ್ಲಿ ನಾಚಿಕೆಯ ವಿಷಯವಲ್ಲ.

ಬ್ರಿಟನ್ನಿನಲ್ಲಿ ಮೊದಲು 111ಕ್ಕೆ ಕರೆ ಮಾಡಿದರೆ ಎಲ್ಲಿಗೆ ಹೋಗಬೇಕೆಂದು ಅವರೇ ತಿಳಿಸುತ್ತಾರೆ. ತುರ್ತು ವಿಭಾಗದ ಚಿಕಿತ್ಸೆಗೆ ಪ್ರವಾಸಿಗರಿಂದಲೂ ಹಣ ತೆಗೆದುಕೊಳ್ಳುವುದಿಲ್ಲ. ಆದರೆ ಒಳರೋಗಿಯಾಗಿ ಸೇರಿಸಿಕೊಂಡ ಕ್ಷಣದಿಂದ ಪ್ರವಾಸಿಗರಿಗೆ ನಿಗದಿತ ದರದ ಶೇ. 150ರಷ್ಟು ವಿಧಿಸುತ್ತಾರೆ. ಜರ್ಮನಿಯಲ್ಲಿ ತುರ್ತಲ್ಲದ ತೊಂದರೆಗೆ ರಾತ್ರಿ ಮತ್ತು ರಜಾದಿನಗಳಲ್ಲಿ 116117 ಸಂಖ್ಯೆ ಇದೆ. ಅಲ್ಲಿ ಭಾನುವಾರ ಔಷಧದ ಅಂಗಡಿಗಳು ಮುಚ್ಚಿರುತ್ತವೆ, ಸರದಿಯ ಮೇಲೆ ಒಂದೊಂದು ಮಾತ್ರ ತೆರೆದಿರುತ್ತದೆ. ಅದರ ವಿಳಾಸವನ್ನು ಮುಚ್ಚಿದ ಅಂಗಡಿಯ ಬಾಗಿಲಿನ ಮೇಲೆ ಅಂಟಿಸಿರುತ್ತಾರೆ. ಹಜ್ ಯಾತ್ರಿಗಳಿಗೆ ಮೆಕ್ಕಾ ಮತ್ತು ಮದೀನಾದಲ್ಲಿ ಭಾರತೀಯ ವೈದ್ಯಕೀಯ ತಂಡದ ಚಿಕಿತ್ಸಾಲಯಗಳಿರುತ್ತವೆ, ಹಿಂದಿ–ಉರ್ದುವಿನಲ್ಲಿ ಮಾತನಾಡಬಹುದು.

ನಮಗಾಗುವ ತೊಂದರೆಯನ್ನು ಅಲ್ಲಿನ ವೈದ್ಯರಿಗೆ ಹೇಗೆ ಹೇಳಬೇಕು?

‘ಗ್ಯಾಸ್ ಆಗಿದೆ’ ಎಂದರೆ ಹೂಸು ಅಥವಾ ತೇಗು ಎಂದಷ್ಟೇ ಅವರು ತಿಳಿಯುತ್ತಾರೆ. ‘ಮೋಷನ್’ ಎಂದರೆ ಏನೂ ತಿಳಿಯುವುದಿಲ್ಲ. ರೋಗದ ಹೆಸರು ಹೇಳುವುದನ್ನು ಬಿಟ್ಟು ಆಗುತ್ತಿರುವುದನ್ನು ವಿವರಿಸಿ: ನೋವು ಎಲ್ಲಿ ಎಂದು ಒಂದೇ ಬೆರಳಿನಿಂದ ತೋರಿಸಿ, ಉರಿಯೋ, ಚುಚ್ಚುವುದೋ, ಹಿಂಡುವುದೋ ಹೇಳಿ, ಊಟಕ್ಕೆ ಮೊದಲೋ ಆಮೇಲೋ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೋ, ಬೆನ್ನಿಗೆ ಹರಿಯುತ್ತದೆಯೋ ತಿಳಿಸಿ. ನೋವಿನ ಗುಳಿಗೆ, ನಾಟಿ ಔಷಧ, ಚೂರ್ಣ, ಮದ್ಯ, ತಂಬಾಕು, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಸೊಸೆ ಎದುರಿಗಿದ್ದಾಳೆಂದು ಮುಚ್ಚಿಟ್ಟರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ.

ಅಮೆರಿಕದಲ್ಲಿ ಸರ್ಕಾರದ ಅನುದಾನ ಪಡೆಯುವ ಆಸ್ಪತ್ರೆಗಳು ಉಚಿತವಾಗಿ ದುಭಾಷಿಯನ್ನು ಒದಗಿಸಬೇಕು, ಸಾಮಾನ್ಯವಾಗಿ ದೂರವಾಣಿಯ ಮೂಲಕ. ‘ಇಂಡಿಯನ್’ ಎಂದರೆ ಹಿಂದಿಯವರನ್ನು ಕರೆಯುತ್ತಾರೆ, ಆದ್ದರಿಂದ ಕನ್ನಡವೆಂದೇ ಕೇಳಬೇಕು, ಕೆನಡಾ ಎಂದು ಕೇಳಿಸದಂತೆ ಬರೆದು ತೋರಿಸಿದರೆ ಇನ್ನೂ ಒಳ್ಳೆಯದು. ಮನೆಯವರು ಅನುವಾದ ಮಾಡುವಾಗ ‘ಸ್ವಲ್ಪ ಉರಿಯಂತೆ’ ಎಂದು ಮುಗಿಸಿಬಿಡುವುದರಿಂದ ನನಗೆ ದುಭಾಷಿಯೇ ಮೇಲೆನಿಸುತ್ತದೆ.

ನಮ್ಮ ಊರಿನ ವೈದ್ಯರನ್ನೇ ವಾಟ್ಸ್ಯಾಪ್‌ನಲ್ಲಿ ಕೇಳಿದರೆ ಆಗದೆ?

ಹಳೆಯ ವರದಿ ತರಿಸಿಕೊಳ್ಳಲು, ಧೈರ್ಯ ಪಡೆಯಲು ಕೇಳಬಹುದು. ಅವರು ಬರೆದುಕೊಟ್ಟ ಚೀಟಿ ಅಮೆರಿಕದ ಅಂಗಡಿಯಲ್ಲಿ ನಡೆಯುವುದಿಲ್ಲ. ಅಲ್ಲದೆ 2020ರಲ್ಲಿ ಹೊರಬಂದ ನಮ್ಮ ದೇಶದ ದೂರವೈದ್ಯಕೀಯ ಮಾರ್ಗಸೂಚಿಯು ಭಾರತದ ಹೊರಗಿರುವವರಿಗೆ ಸಲಹೆ ನೀಡುವುದನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹಾಗಾಗಿ ನಿಮ್ಮ ವೈದ್ಯರು ‘ಅಲ್ಲೇ ತೋರಿಸಿ’ ಎಂದರೆ ಬೇಸರಪಡಬೇಡಿ.

ಪ್ರವಾಸ ವಿಮೆಯಿಂದ ಈ ಖರ್ಚು ಸಿಗುತ್ತದೆಯೆ?

ಸಿಗುವುದೂ ಸಿಗದಿರುವುದೂ ಅರ್ಜಿಯಲ್ಲಿ ನೀವು ಬರೆದದ್ದರ ಮೇಲೆ ನಿಂತಿದೆ. ವರ್ಷಗಳಿಂದ ಹೊಟ್ಟೆಯ ಹುಣ್ಣಿಗೆ ಗುಳಿಗೆ ನುಂಗುತ್ತಿದ್ದು ಅರ್ಜಿಯಲ್ಲಿ ‘ಯಾವ ಕಾಯಿಲೆಯೂ ಇಲ್ಲ’ ಎಂದು ಏಜೆಂಟ್ ಗುರುತು ಹಾಕಿದ್ದರೆ, ಆಸ್ಪತ್ರೆಯ ಕಡತದಲ್ಲಿ ನೀವೇ ಹೇಳಿದ ‘ಹತ್ತು ವರ್ಷದಿಂದ ಇದೆ’ ಎಂಬ ಮಾತು ನಿಮಗೆ ಎದುರಾಗಿ ನಿಲ್ಲುತ್ತದೆ. ಮೊದಲೇ ಇದ್ದ ಕಾಯಿಲೆಗೆ ಅನೇಕ ಪಾಲಿಸಿಗಳು ಪ್ರಾಣಾಪಾಯದ ಸಂದರ್ಭದಲ್ಲಿ ಮಾತ್ರ, ಅದೂ ಒಂದು ಮಿತಿಯೊಳಗೆ ಹಣ ಕೊಡುತ್ತವೆ. ಜರ್ಮನಿಯೂ ಸೇರಿದಂತೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗನ್ ವೀಸಾಕ್ಕೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಅಮೆರಿಕದ ಪ್ರವಾಸಿ ವೀಸಾಕ್ಕೆ ಹಾಗಿಲ್ಲ, ಆದರೆ ವಿಮೆ ಇಲ್ಲದೆ ಹೋಗಬಾರದ ದೇಶವಿದ್ದರೆ ಅದೇ. ಯಶಸ್ವಿನಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡುಗಳು ದೇಶದ ಹೊರಗೆ ನಡೆಯುವುದಿಲ್ಲ.

ಆಸ್ಪತ್ರೆಗೆ ಸೇರುವ ಮೊದಲು, ಅದಾಗದಿದ್ದರೆ ಸೇರಿದ ಕೂಡಲೇ, ಪಾಲಿಸಿಯ ಮೇಲಿರುವ ಸಹಾಯವಾಣಿಗೆ ಕರೆ ಮಾಡಿ ನಿಮ್ಮ ಪ್ರಕರಣದ ಸಂಖ್ಯೆಯನ್ನು ಪಡೆಯಿರಿ. ಪ್ರತಿ ಬಿಲ್, ಹಣ ಕಟ್ಟಿದ ರಸೀದಿ, ವೈದ್ಯರ ಟಿಪ್ಪಣಿ, ಬಿಡುಗಡೆಯ ಸಾರಾಂಶ, ಪಾಸ್‌ಪೋರ್ಟಿನಲ್ಲಿ ವಲಸೆ ಅಧಿಕಾರಿಗಳ ಮೊಹರಿರುವ ಪುಟ, ಇವೆಲ್ಲ ಬೇಕಾಗುತ್ತವೆ. ಹಣ ನಿರಾಕರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ವಕೀಲರು ಬೇಕಿಲ್ಲ.

ಅಲ್ಲಿ ಊಟ ಹೇಗಿರಬೇಕು?

ಒಂದೆರಡು ದಿನ ಅನ್ನದ ಗಂಜಿ, ತೆಳು ಬೇಳೆಕಟ್ಟು, ಬಾಳೆಹಣ್ಣು, ಹುಳಿಯಿಲ್ಲದ ಮಜ್ಜಿಗೆ ಸಾಕು. ಒಪ್ಪುವವರಿಗೆ ರಾಗಿ ಗಂಜಿಯೂ ಆಗುತ್ತದೆ. ಚಿತ್ರದುರ್ಗದ ಕಡೆಯವರು ರಾಗಿ ಹಿಟ್ಟನ್ನು ಹೇಗಿದ್ದರೂ ಒಯ್ದಿರುತ್ತಾರೆ. ಹೊಟ್ಟೆ ಉರಿದಾಗಲೆಲ್ಲ ತಣ್ಣನೆಯ ಹಾಲು ಕುಡಿಯುವ ಅಭ್ಯಾಸ ಆ ಕ್ಷಣಕ್ಕೆ ಹಿತವೆನಿಸಿದರೂ ಸ್ವಲ್ಪ ಹೊತ್ತಿನಲ್ಲಿ ಆಮ್ಲವನ್ನು ಮತ್ತೆ ಹೆಚ್ಚಿಸುತ್ತದೆ. ಉಪವಾಸ, ವ್ರತಗಳನ್ನು ಉರಿ ಇಳಿಯುವವರೆಗೆ ಮುಂದೂಡಿ. ವಿಮಾನದಲ್ಲಿ ಖಾರ ಮಸಾಲೆ ಕಡಿಮೆ ಇರುವ ‘ಬ್ಲ್ಯಾಂಡ್ ಮೀಲ್’ ಅನ್ನು ಹಲವು ಕಂಪನಿಗಳು ಕೊಡುತ್ತವೆ, ಆದರೆ ಹೊರಡುವ ಒಂದು ದಿನಕ್ಕೂ ಮೊದಲೇ ಕೇಳಿಟ್ಟಿರಬೇಕು.

ಅಲ್ಲಿನ ಪರೀಕ್ಷೆಯಲ್ಲಿ ಪೈಲೋರಿ ಇದೆ ಎಂದರು, ಚಿಕಿತ್ಸೆಯನ್ನು ಊರಿಗೆ ಬಂದು ಮಾಡಿಸಬಹುದೆ?

ರಕ್ತಸ್ರಾವ ಅಥವಾ ಹುಣ್ಣು ಇಲ್ಲದಿದ್ದರೆ ಕೆಲವು ವಾರ ತಡವಾದರೂ ಸಾಮಾನ್ಯವಾಗಿ ಅಪಾಯವಿಲ್ಲ. ಇದನ್ನು ಅಲ್ಲಿನ ವೈದ್ಯರನ್ನೇ ನೇರವಾಗಿ ಕೇಳಿ. ಚಿಕಿತ್ಸೆಯೆಂದರೆ ಆಮ್ಲ ತಗ್ಗಿಸುವ ಗುಳಿಗೆಯ ಜೊತೆ ಎರಡು ಅಥವಾ ಹೆಚ್ಚು ಔಷಧಗಳನ್ನು ಸಾಮಾನ್ಯವಾಗಿ ಹದಿನಾಲ್ಕು ದಿನ ಬಿಡದೆ ತೆಗೆದುಕೊಳ್ಳುವುದು. ಅಲ್ಲಿ ಆರಂಭಿಸಿದರೆ ಅಲ್ಲಿಯೇ ಪೂರೈಸಿ. ಆರನೆಯ ದಿನಕ್ಕೆ ಉರಿ ನಿಂತಿತೆಂದು ಬಿಟ್ಟರೆ ಬ್ಯಾಕ್ಟೀರಿಯ ಮದ್ದಿಗೆ ಬಗ್ಗದಂತಾಗುತ್ತದೆ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು, ಏಕೆಂದರೆ ಈ ಚಿಕಿತ್ಸೆಯಲ್ಲಿ ಅಮೊಕ್ಸಿಸಿಲಿನ್ ಇರುವುದುಂಟು.

ಮುಗಿದ ಮೇಲೆ ಅದು ಹೋಯಿತೇ ಎಂದು ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ನೋಡಿಸಬೇಕು. ಪ್ರತಿಜೈವಿಕ (ಆ್ಯಂಟಿಬಯೋಟಿಕ್) ನಿಲ್ಲಿಸಿ ಕನಿಷ್ಠ ನಾಲ್ಕು ವಾರ, ಪ್ಯಾಂಟೊಪ್ರಜೋಲ್‌ನಂತಹ ಗುಳಿಗೆ ನಿಲ್ಲಿಸಿ ಎರಡು ವಾರ ಆಗಿದ್ದರೆ ಮಾತ್ರ ಫಲಿತಾಂಶ ನಂಬಬಹುದು. ಅಷ್ಟರಲ್ಲಿ ನೀವು ಊರಿಗೆ ಮರಳಿರುತ್ತೀರಿ. ಅಲ್ಲಿನ ಎಂಡೋಸ್ಕೋಪಿಯ ವರದಿ, ಚಿತ್ರಗಳು, ಚೂರಿನ ಪರೀಕ್ಷೆಯ ವರದಿ ಮತ್ತು ಕೊಟ್ಟ ಗುಳಿಗೆಗಳ ಪಟ್ಟಿಯನ್ನು ಆಸ್ಪತ್ರೆ ಬಿಡುವ ದಿನವೇ ಕೇಳಿ ಪಡೆಯಿರಿ. ಚೂರಿನ ಪರೀಕ್ಷೆಯ ವರದಿ ಕೆಲವು ದಿನ ತಡವಾಗಿ ಬರುವುದರಿಂದ ಅದನ್ನು ಯಾವ ಈ-ಮೇಲ್‌ಗೆ ಕಳಿಸಬೇಕೆಂದು ಕೌಂಟರಿನಲ್ಲಿ ಬರೆದುಕೊಟ್ಟು ಬನ್ನಿ.